ಸವಳು ನೀರಿನ ಸೇತುವೆ

ಕಲಬುರಗಿ, ೧೯೩೬ ಫೆಬ್ರುವರಿ ೧೧

ಕೊನೆಗೂ ಓದಿದ್ದಕ್ಕೆ ತಕ್ಕ ಕೆಲಸ ಬಂತು. ಇಷ್ಟು ವರ್ಷ ಜಾಗೀರದಾರರ ಕುದುರೆಲಾಯದ ಸುಣ್ಣ, ಅವರ ದೇವಡಿ ಮಹಲಿನ ಸೋರುವ ಮಾಳಿಗೆ, ಇದೇ ಆಗಿತ್ತು. ಹೈದರಾಬಾದಿಗೆ ಹೋಗಿ ಓವರ್ಸಿಯರ್ ಪರೀಕ್ಷೆ ಪಾಸು ಮಾಡಿದ್ದು ಕುದುರೆ ಕಟ್ಟುವ ಗೋಡೆಗೆ ಸುಣ್ಣ ಹೊಡೆಸಲಿಕ್ಕೇನು ಅಂತ ನನ್ನನ್ನೇ ಬೈದುಕೊಂಡಿದ್ದೇನೆ. ಇವತ್ತು ಜಾಗೀರಿನ ಇಂಜಿನಿಯರು ಪ್ರಹ್ಲಾದರಾಯರು ಕರೆದು ಹೇಳಿದರು: ಕಮಲಾಪುರದ ಹಳ್ಳದ ಸೇತುವೆ ಪರೀಕ್ಷೆ ಮಾಡಿ ಬಾ.

ಅದು ಕಟ್ಟಿ ಇಪ್ಪತ್ತು ವರ್ಷವಾಗಿಲ್ಲ. ಒಳಗೆ ಕಬ್ಬಿಣದ ಸರಳು ಕೊಟ್ಟು ಸಿಮೆಂಟು ಕಾಂಕ್ರೀಟು ಎರೆದು ಕಟ್ಟಿದ, ನಮ್ಮ ಜಾಗೀರಿನ ಮೊದಲ ಸೇತುವೆ. ಕಲ್ಲುಕಮಾನಿನ ಕಾಲ ಮುಗಿಯಿತು ಅಂತ ಆಗ ಡಂಗುರ ಹೊಡೆಸಿದ್ದರಂತೆ. ಈಗ ಅದರ ಅಡಿಯಿಂದ ಹಂಚಿನಗಲದ ಚಕ್ಕೆ ಕಳಚಿ, ಬಾಳೆಗೊನೆ ಹೊತ್ತು ಕೆಳಗೆ ಹಾಯುತ್ತಿದ್ದ ಹೊಲಗೇರಿಯವನೊಬ್ಬನ ಭುಜದ ಎಲುಬು ಸೀಳಿದೆ. ಸೇತುವೆ ಬಿಟ್ಟು ಆ ಜನ ತಗ್ಗಿನಲ್ಲಿ ಯಾಕೆ ಹಾಯುತ್ತಾರೋ. ಯುಗಾದಿ ಆಗುತ್ತಲೇ ಜಾಗೀರದಾರರ ಹೊಸ ಲಾರಿ ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ಆ ಸೇತುವೆ ಮೇಲೆ ಓಡಬೇಕು. ಅದಕ್ಕೇ ಈ ಪರೀಕ್ಷೆ.

ನನ್ನ ಅಂದಾಜು ಈಗಲೇ ಬರೆದಿಡಬಲ್ಲೆ. ಕೂಲಿಗಳು ಮಾಲು ಸರಿಯಾಗಿ ಕಲಸಿರುವುದಿಲ್ಲ. ಆ ಜನಕ್ಕೆ ಕೆಲಸವೆಂದರೆ ಹೊತ್ತು ಮುಳುಗಿಸುವುದು.

ಕಮಲಾಪುರ, ಫೆಬ್ರುವರಿ ೧೪

ಮಹಾಗಾಂವ ದಾಟುವಷ್ಟರಲ್ಲೇ ಗಾಡಿಯ ಕುಲುಕಾಟಕ್ಕೆ ಬೆನ್ನು ಸತ್ತಿತ್ತು. ಜೊತೆಗೆ ಕರೀಂಸಾಬ್ ಇದ್ದಾನೆ. ಮೋಮಿನಪುರದವನು, ಕಚೇರಿಯಲ್ಲಿ ಅಳತೆಯ ಸರಪಳಿ ಹಿಡಿಯುವವನು. ಬಾಯಿಗೆ ಮಾತ್ರ ಸರಪಳಿಯಿಲ್ಲ. ಊರಗೌಡ ಮಾಣಿಕಪ್ಪನವರು ಚಾವಡಿಯಲ್ಲಿ ಇಳಿಸಿ, ಮನೆಯಿಂದ ಬಿಸಿರೊಟ್ಟಿ, ಪುಂಡಿಪಲ್ಲೆ, ಮೊಸರು ಕಳಿಸಿದರು. ನಮ್ಮವರೇ, ಲಿಂಗವಂತರು.

ಮೇಲಿನಿಂದ ನೋಡಿದರೆ ಸೇತುವೆ ಮದುಮಗನ ಹಾಗಿದೆ. ಕೆಳಗಿಳಿದರೆ ಬೇರೆಯೇ ಕಥೆ. ಕಂಬದಿಂದ ಕಂಬಕ್ಕೆ ಮೂರು ಅಂಕಣ. ಅಂಕಣದ ಭಾರ ಹೊತ್ತ ತೊಲೆಗಳ ಉದ್ದಕ್ಕೂ ಬಿರುಕು. ಅದೂ ಒಳಗೆ ಸರಳು ಮಲಗಿದ ಗೆರೆಯಲ್ಲೇ. ಸುತ್ತಿಗೆಯಿಂದ ತಟ್ಟುತ್ತ ಹೋದೆ. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಒಡಕು ಗಡಿಗೆಯ ಹಾಗೆ ಡಬ್ ಅನ್ನುತ್ತದೆ. ನಡುವಿನ ಅಂಕಣದಲ್ಲಿ ಟಣ್ ಅನ್ನುವ ಜಾಗ ಹುಡುಕಬೇಕಾಯಿತು.

"ಸಾಬ್, ಇದು ಪುಲ್ ಅಲ್ರಿ, ತಬಲಾ" ಅಂದ ಕರೀಂಸಾಬ್.

ನಾವು ತಟ್ಟುತ್ತಿದ್ದಾಗ ಕೇರಿಯವರು ತಲೆಯ ಮೇಲೆ ಗೊನೆ ಹೊತ್ತು ಮೊಣಕಾಲು ನೀರಿನಲ್ಲಿ ಸೇತುವೆಯ ಅಡಿಯಲ್ಲೇ ಹೋಗುತ್ತ ಬರುತ್ತ ಇದ್ದರು. ಗೌಡರನ್ನು ಕೇಳಿದೆ. ಸೇತುವೆಯ ಊರಕಡೆಯ ತುದಿಗೆ ಹನುಮಪ್ಪನ ಗುಡಿ ಇದೆ, ಅದರ ಮುಂದೆ ಅವರು ಹಾಯುವಂತಿಲ್ಲ, ಕಟ್ಟಿದಾಗಿನಿಂದ ಇದೇ ರಿವಾಜು ಅಂದರು. ಹೇಳುವಾಗ ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಊರೆಂದ ಮೇಲೆ ರಿವಾಜು ಇದ್ದೇ ಇರುತ್ತದೆ.

ಅವರ ನಡುವೆ ನಿಂತು ಕೆಲಸ ಮಾಡಿದ್ದರಿಂದ ಸಂಜೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತೆ.

ಫೆಬ್ರುವರಿ ೧೫

ನಡುವಿನ ಅಂಕಣದ ಒಂದು ತೊಲೆಯ ಮೈ ಕೆತ್ತಿಸಿ ಸರಳು ನೋಡಿದೆ. ಹೆಬ್ಬೆರಳ ದಪ್ಪ ಇರಬೇಕಾದದ್ದು ಕಿರುಬೆರಳಾಗಿದೆ. ಉಗುರಿನಿಂದ ಕೆದರಿದರೆ ತುಕ್ಕು ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಎದ್ದು ಬರುತ್ತದೆ. ಕಬ್ಬಿಣ ಸವೆಯುತ್ತದೆ, ತುಕ್ಕು ಉಬ್ಬುತ್ತದೆ. ಉಬ್ಬಿದ ತುಕ್ಕು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸೀಳಿನಿಂದ ಗಾಳಿ ನೀರು ಒಳಗೆ ಹೋಗಿ ಇನ್ನಷ್ಟು ತುಕ್ಕು. ಯಾರೂ ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು, ಅದು ತಾನೇ ಸಾಯುತ್ತದೆ.

ಆದರೆ ಇಪ್ಪತ್ತು ವರ್ಷಕ್ಕೆ ಇಷ್ಟಾಗಬಾರದು. ಸರಳಿನ ಸುತ್ತ ಬಿಳಿ ಪುಡಿ ಹೂ ಬಿಟ್ಟಂತೆ ಕೂತಿತ್ತು. ಸುಣ್ಣವಿರಬೇಕು ಅಂದುಕೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ಕಡಲೆಲ್ಲಿ, ಕಮಲಾಪುರವೆಲ್ಲಿ. ಈ ತೊಲೆಯ ಹೊಟ್ಟೆಗೆ ಉಪ್ಪು ಎಲ್ಲಿಂದ ಬಂತು?

ಫೆಬ್ರುವರಿ ೧೭

ಮಾಲು ಕಲಸಲು ನೀರು ಎಲ್ಲಿಂದ ತಂದಿದ್ದರು ಅಂತ ಗೌಡರನ್ನು ಕೇಳಿದೆ. ಹಳ್ಳದ್ದು ಅಂದರು. ಹಳ್ಳದ ನೀರು ಸಿಹಿ. ಇನ್ನೊಬ್ಬರನ್ನು ಕೇಳಿದೆ, ಹಳ್ಳದ್ದೇ ಅಂದರು. ಕರೀಂಸಾಬ್ ಎಲೆ ಮೇಲೆ ಸುಣ್ಣ ಸವರುತ್ತ, "ಹೊತ್ತವರನ್ನ ಕೇಳ್ರಿ ಸಾಬ್. ನೆಳ್ಳಾಗ ಕುಂತವರನ್ನ ಯಾಕ ಕೇಳ್ತೀರಿ" ಅಂದ.

ಭುಜ ಸೀಳಿಸಿಕೊಂಡವನ ಹೆಸರು ದೌಲಪ್ಪ. ಅವನ ಹೆಂಡತಿ ಅಂಬಮ್ಮ. ಸೇತುವೆ ಕಟ್ಟಿದ ವರ್ಷ ಅವಳು ಆಗತಾನೇ ಗಂಡನ ಮನೆಗೆ ನಡೆಯಲು ಬಂದವಳು. ಕೇರಿಯ ಹೊರಗೆ ಬೇವಿನ ಮರದ ಹತ್ತಿರ ನಿಂತು ಕರೆಸಿದೆ. ಅವಳು ಸೆರಗು ತಲೆ ಮೇಲೆಳೆದುಕೊಂಡು, ನನ್ನ ನೆರಳು ತುಳಿಯದ ಹಾಗೆ ದೂರ ನಿಂತು ಹೇಳಿದಳು.

"ಬ್ಯಾಸಗಿ ಇತ್ರಿ. ಹಳ್ಳ ಬತ್ತಿತ್ತು. ಸೇತುವಿ ಬಾಜೂಕ ಊರ ಸೀನೀರ ಬಾವಿ ಇತ್ತು, ಖರೆ ನಾವು ಅದಕ್ಕ ಹಗ್ಗ ಬಿಡೂ ಹಂಗಿಲ್ಲ. ಕಲಸೋರು ನಾವು, ಹೊರೋರು ನಾವು. ಮತ್ತ ನಮ್ಮ ಬಾವೀದು ತಂದ್ವಿ. ಸವಳು ಬಾವಿ."

ಊರವರು ಯಾರಾದರೂ ಸೇದಿ ಕೊಡಬಹುದಿತ್ತಲ್ಲ ಅಂದೆ. ಅವಳಿಗೆ ನಗು ಬಂತು.

"ಸೇದೋರು ಕೂಲಿ ಕೇಳ್ತಾರಲ್ರಿ ಸಾಹೇಬ್ರ. ನಮ್ದು ಬಿಟ್ಟಿ."

ಬಿಟ್ಟಿ ಅಂದರೆ ಗೌಡ ಕರೆದಾಗ ಹೋಗಿ ಕೂಲಿಯಿಲ್ಲದೆ ದುಡಿಯುವುದು. ಜಾಗೀರಿನ ಎಷ್ಟು ಗೋಡೆ ಹಾಗೆ ಎದ್ದಿವೆಯೋ. ನಾನೇ ಎಷ್ಟು ಎಬ್ಬಿಸಿದ್ದೇನೋ.

"ಆ ನೀರಿನಾಗ ಇವತ್ತಿಗೂ ಬ್ಯಾಳಿ ಬೇಯಂಗಿಲ್ರಿ" ಅಂದಳು ಹೋಗುವಾಗ. "ಸೇತುವಿ ಕೆಡತದಂತ ನಾವೇನ್ ಕಂಡಿದ್ವಿ?"

ಫೆಬ್ರುವರಿ ೧೮

ಆ ಬಾವಿಗೆ ಹೋದೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಉಗುಳಿದೆ. ಇದನ್ನು ಜನ ಕುಡಿಯುತ್ತಾರೆ. ಹಾಲು ಬಿಟ್ಟ ಕೂಸಿಗೂ ಇದೇ. ಕಬ್ಬಿಣ ಇಪ್ಪತ್ತು ವರ್ಷ ತಾಳಲಿಲ್ಲ.

ಮಾಲು ಚೆನ್ನಾಗಿಯೇ ಕಲಸಿದ್ದಾರೆ. ಅಷ್ಟನ್ನಾದರೂ ಬರೆಯಬೇಕು.

ಕಲಬುರಗಿ, ಫೆಬ್ರುವರಿ ೨೪

ವರದಿ ಕೊಟ್ಟೆ. ನಡುವಿನ ಅಂಕಣ ಯಾವ ಭಾರಕ್ಕೂ ನಂಬಿಕೆಗೆ ತಕ್ಕದ್ದಲ್ಲ, ಸೇತುವೆ ಮುಚ್ಚಬೇಕು, ಅಡಿಯಲ್ಲಿ ಜನ ಹಾಯುವುದನ್ನೂ ತಪ್ಪಿಸಬೇಕು ಅಂತ. ಕಾರಣವನ್ನೂ ಬರೆದಿದ್ದೆ: ಸಿಹಿನೀರಿನ ಬಾವಿ ಕೆಲಸಗಾರರಿಗೆ ನಿಷೇಧವಿದ್ದುದರಿಂದ ಸವಳು ನೀರಿನಲ್ಲಿ ಕಲಸಲಾಯಿತು, ಆ ಉಪ್ಪೇ ಸರಳನ್ನು ತಿಂದಿತು.

ಪ್ರಹ್ಲಾದರಾಯರು ಕೆಟ್ಟವರಲ್ಲ. ಕೂರಿಸಿ ಚಹ ತರಿಸಿದರು. ಓದಿ ಕನ್ನಡಕ ತೆಗೆದರು.

"ನೀಲಕಂಠ, ಇಂಜಿನಿಯರಿಂಗ್ ಬರೀ ಅಂದ್ರ ಪುರಾಣ ಬರದೀಯಲ್ಲೋ. ಉಪ್ಪು ಅದ ಅಂತ ಬರಿ, ಸಾಕು. ಉಪ್ಪು ಯಾಕ ಬಂತು ಅನ್ನೂದು ನಮ್ಮ ಖಾತೇದಲ್ಲ."

ಆ ಸಾಲು ಹೊಡೆದು ಹಾಕಿದೆ. ಅವರ ಎದುರಿಗೇ, ಅವರದೇ ಲೇಖನಿಯಿಂದ.

ಮನೆಗೆ ಬಂದು ಸೀದಾ ಒಳಗೆ ಹೋದೆ. ಹೆಂಡತಿ ಲಲಿತಾ ಅಡುಗೆಮನೆ ಬಾಗಿಲಲ್ಲೇ ತಡೆದು, ಇವತ್ತೂ ಆ ಕೇರಿಯ ಅಂಗಿಯೇ ಮೈಮೇಲಿದೆ, ಮೊದಲು ಬಚ್ಚಲಿಗೆ ನಡೆಯಿರಿ ಅಂದಳು. ಮರೆತಿದ್ದೆ. ದಣಿವು.

ಮಾರ್ಚ್ ೩

ಹೊಸ ಸೇತುವೆಯ ಮಾತೇ ಎತ್ತುವಂತಿಲ್ಲ. ಲಾರಿ ಆಗಲೇ ಬಂದು ದೇವಡಿಯ ಅಂಗಳದಲ್ಲಿ ನಿಂತಿದೆ. ಮೂತಿಗೆ ಚೆಂಡುಹೂವಿನ ಹಾರ.

ನಾನೂ ಬಿಡುವವನಲ್ಲ. ಇವರಿಗೆ ತುಕ್ಕು ತಿಳಿಯದಿದ್ದರೆ ಹೆದರಿಕೆ ತಿಳಿಯುತ್ತದೆ ಅಂತ ಇನ್ನೊಂದು ಟಿಪ್ಪಣಿ ಬರೆದುಕೊಟ್ಟೆ. ಹೆಗಲಿಗೆ ಹೆಗಲು ಒತ್ತಿ ನಿಂತ ಜನ ಅಂಕಣದ ಮೇಲೆ ತುಂಬಿದರೆ ಅದರ ಭಾರ ತುಂಬಿದ ಲಾರಿಗಿಂತ ಹೆಚ್ಚು. ಒಂದು ಮದುವೆಯ ಮೆರವಣಿಗೆ ಅಲ್ಲಿ ನಿಂತುಬಿಟ್ಟರೆ ಏನು ಗತಿ? ಗೌಡರ ಮನೆಯ ಮದುವೆಯೇ ಆಗಿರಬಹುದಲ್ಲ?

ಟಿಪ್ಪಣಿ ಚೆನ್ನಾಗಿ ಬಂದಿದೆ. ಪ್ರಹ್ಲಾದರಾಯರು ಎರಡು ಸಲ ಓದಿದರು.

ಮಾರ್ಚ್ ೯

ಕರೆದಿದ್ದರು. ಮಾಣಿಕಪ್ಪ ಗೌಡ ಆಗಲೇ ಬಂದು ಕೂತಿದ್ದ. ಪ್ರಹ್ಲಾದರಾಯರ ಮುಖದಲ್ಲಿ ಗಂಟು ಬಿಚ್ಚಿದ ಸಮಾಧಾನ. ಇಂಜಿನಿಯರಿಂಗ್ ಪುಸ್ತಕದಲ್ಲಿ ಭಾರ ಪರೀಕ್ಷೆ ಅಂತ ಇದ್ದೇ ಇದೆ, ಸೇತುವೆ ಮೇಲೆ ಭಾರ ಹೇರಿ ಎಷ್ಟು ಬಾಗುತ್ತದೆ ನೋಡೋಣ, ತಾಳಿದರೆ ಲಾರಿ ಬಿಡೋಣ, ನಿನ್ನ ಮಾತೂ ಉಳಿಯಿತು ನಮ್ಮ ಮಾತೂ ಉಳಿಯಿತು ಅಂದರು.

ಮರಳಿನ ಚೀಲ ಎಷ್ಟು ಬೇಕಾಗುತ್ತವೆ ಅಂತ ಲೆಕ್ಕ ಹಾಕಲು ಶುರು ಮಾಡಿದೆ. ಗೌಡ ತಡೆದ.

"ಚೀಲ ಯಾಕ್ರಿ ನೀಲಕಂಠಪ್ಪನವರ? ಚೀಲ ಹೇರಾಕ ಮಂದಿ ಬೇಕು, ಇಳಸಾಕ ಮಂದಿ ಬೇಕು. ಮಂದೀನೇ ನಿಲ್ಲಸಿದ್ರ ತಾವೇ ಹತ್ತತಾರ, ತಾವೇ ಇಳೀತಾರ."

ಪ್ರಹ್ಲಾದರಾಯರು ನನ್ನ ಟಿಪ್ಪಣಿಯ ಮೇಲೆ ಬೆರಳಿಟ್ಟರು. "ನೀನೇ ಬರದೀಯಲ್ಲ, ಮಂದಿ ಲಾರಿಗಿಂತ ವಜನ್ ಅಂತ."

ಯಾವ ಮಂದಿ ಅಂತ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಕೇರಿಯವರು, ಬಿಟ್ಟಿ. ಹನುಮಪ್ಪನ ಗುಡಿಯ ರಿವಾಜು ಏನಾಯಿತು ಅಂದೆ. ಒಂದು ದಿನಕ್ಕೆ ನಡೆಯುತ್ತದೆ, ಆಮೇಲೆ ಶುದ್ಧ ಮಾಡಿಸುತ್ತೇವೆ ಅಂದ ಗೌಡ. ಎದೆಯ ಮೇಲೆ ನನ್ನ ಹಾಗೆಯೇ ಲಿಂಗ ಕಟ್ಟಿಕೊಂಡಿದ್ದಾನೆ.

ಪರೀಕ್ಷೆ ನಡೆಸುವವನು ನಾನು. ಹುಕುಂ ಆಯಿತು.

ಮಾರ್ಚ್ ೧೦

ನನ್ನ ಮಾತು. ನನ್ನ ಅಕ್ಷರ.

ಮಾರ್ಚ್ ೧೩

ಒಲ್ಲೆ ಅನ್ನಲು ಹೋದೆ. ಪ್ರಹ್ಲಾದರಾಯರು ತಿರುಗಾಟದಲ್ಲಿದ್ದಾರೆ. ಒಲ್ಲೆ ಅನ್ನುವುದನ್ನು ಯಾರಿಗೆ ಹೇಳಬೇಕು ಅಂತ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಮುನ್ಶಿ ಎದ್ದು ಕುರ್ಚಿ ಕೊಟ್ಟ, ನೀರು ಕೊಟ್ಟ, ನಾಳೆ ಬನ್ನಿ ಅಂದ.

ಲಲಿತಾ ಅಂದಳು: "ನೀವ್ ಒಲ್ಲೆ ಅಂದ್ರ ಇನ್ನೊಬ್ಬರನ್ನ ಕಳಸ್ತಾರ. ಅವರು ತಟ್ಟಿ ಸೈತ ನೋಡಂಗಿಲ್ಲ."

ಇದು ಬುದ್ಧಿಯ ಮಾತು. ಬುದ್ಧಿಯ ಮಾತನ್ನು ಕೇಳಿ ಹೊರಟಿದ್ದೇನೆ. ಇಂಥ ಬುದ್ಧಿಯ ಮೇಲೇ ಈ ಜಾಗೀರು ನಿಂತಿದೆ ಅಂತಲೂ ಅನಿಸುತ್ತದೆ.

ಕಮಲಾಪುರ, ಮಾರ್ಚ್ ೧೭

ಗೌಡನ ಮನೆಯ ರೊಟ್ಟಿ ಬೇಡವೆಂದು ಹೇಳಿಕಳಿಸಿದೆ. ಕರೀಂಸಾಬ್ ಕಟ್ಟಿಕೊಂಡು ಬಂದದ್ದನ್ನೇ ಇಬ್ಬರೂ ಹಂಚಿಕೊಂಡು ಉಂಡೆವು.

ಕೇರಿಗೆ ಹೋದೆ. ದೌಲಪ್ಪ ಜೋಪಡಿಯ ಮುಂದೆ ಭುಜಕ್ಕೆ ಬಟ್ಟೆ ಬಿಗಿದುಕೊಂಡು ಕೂತಿದ್ದ. ನಾಳೆ ಒಂದು ದಿನ ಎಲ್ಲರೂ ಬೀಗರ ಊರು, ನೆಂಟರ ಊರು ಅಂತ ಎಲ್ಲಾದರೂ ಹೋಗಿಬಿಡಿ ಅಂದೆ.

"ಯಾವ ಊರಿಗಿ ಹೋಗೂದ್ರಿ? ಎಲ್ಲಾ ಊರಾಗೂ ಗೌಡ ಇದ್ದಾನ." ಸೇತುವೆಯ ಕಡೆ ಗದ್ದ ಎತ್ತಿದ. "ನಡೀತೀವಂದ್ರ ಹೊಲಸು ಅಂತಾರ. ನಿಂದರಲಿಕ್ಕೆ ಮಾತ್ರ ನಾವ್ ಬೇಕು."

ಬೀಳುತ್ತದೇನು ಅಂತ ಅಂಬಮ್ಮ ಕೇಳಿದಳು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಸರಳು ಇನ್ನೆಷ್ಟು ಉಳಿದಿದೆ ಅನ್ನುವುದು ಕೆತ್ತಿ ನೋಡಿದ ಕಡೆ ಮಾತ್ರ ಗೊತ್ತು. ತೊಲೆಯ ಅಡಿಗೆ ಕಂಬ ನಿಲ್ಲಿಸಿ ಅದಕ್ಕೆ ಅಳತೆಪಟ್ಟಿ ಕಟ್ಟುತ್ತೇನೆ, ಸೇತುವೆ ಬಾಗಿದಷ್ಟೂ ತೊಲೆಗೆ ಸಿಕ್ಕಿಸಿದ ಮುಳ್ಳು ಪಟ್ಟಿಯ ಮೇಲೆ ಸರಿಯುತ್ತದೆ, ಕೆಂಪು ಗೆರೆ ದಾಟಿದರೆ ಇಳಿಯಿರಿ ಅಂತ ಕೂಗುತ್ತೇನೆ ಅಂದೆ.

"ನೀವ್ ಕೆಳಗ ಇರ್ತೀರಿ?"

"ಅಲ್ಲಿ ನಿಂತೇ ಓದಬೇಕು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. "ಹಂಗಾರ ಗಟ್ಟಿ ಒದರ್ರಿ" ಅಂದ ದೌಲಪ್ಪ.

ನೀರು ಕೊಟ್ಟರು. ಕುಡಿದೆ. ದಾರಿ ನಡೆದು ಬಾಯಾರಿತ್ತು.

ಮಾರ್ಚ್ ೧೮

ಬರೆಯಬೇಕು. ಬರೆಯದಿದ್ದರೆ ನಾಳೆ ಇದು ನಡೆದೇ ಇಲ್ಲ ಅನ್ನುತ್ತಾರೆ. ಆಮೇಲೆ ನಾನೂ ಹಾಗೇ ಅನ್ನಬಹುದು.

ಹೊತ್ತೇರುವ ಮೊದಲೇ ಗೌಡನ ಕಾವಲಿನ ತಳವಾರರು 'ಹೂಂ ನಡೀರಿ' ಅಂತ ಕೇರಿಯನ್ನು ಬಳಿದು ತಂದರು. ಗಂಡಸರು, ಹೆಂಗಸರು, ಕೋಲೂರುವ ಮುದುಕರು. ಕೂಸು ಎತ್ತಿಕೊಂಡವಳೊಬ್ಬಳು ಬದಿಗೆ ನಿಂತಾಗ ಗೌಡ ಅವಳನ್ನೂ ಹತ್ತಿಸಿದ; ಕೂಸಿಗೂ ವಜನಿದೆಯಂತೆ. ನಡುವಿನ ಅಂಕಣದಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿದರು. ಸಂದು ಕಂಡಲ್ಲಿ ಬಡಿಗೆಯಿಂದ ಒತ್ತಿದರು. ಎರಡೂ ತುದಿಗೆ ತಳವಾರರು. ದಡದ ಮೇಲೆ ಕೊಡೆ ಹಿಡಿಸಿಕೊಂಡು ಪ್ರಹ್ಲಾದರಾಯರು, ಕೈಯಲ್ಲಿ ಗಡಿಯಾರ.

ನಾನು ಕೆಳಗೆ. ಕರೀಂಸಾಬನಿಗೆ ದಡಕ್ಕೆ ಹೋಗು ಅಂದೆ. ಕಂಬ ಹಿಡಿಯಲು ಇಬ್ಬರು ಬೇಕು ಸಾಬ್ ಅಂತ ಹೋಗಲಿಲ್ಲ. ಕಂಬ ಹುಗಿದಿತ್ತು, ಯಾರೂ ಹಿಡಿಯಬೇಕಾಗಿರಲಿಲ್ಲ.

ಮೊದಲು ಕಾಲಸಪ್ಪಳ ಕೇಳಿಸಿತು. ಬರಿಗಾಲು, ಬಹಳ. ಆಮೇಲೆ ಸಪ್ಪಳ ನಿಂತಿತು, ಮುಳ್ಳು ಸರಿಯತೊಡಗಿತು. ಬಿರುಕುಗಳಿಂದ ಪುಡಿ ಉದುರಿ ಕಣ್ಣಿಗೆ ಬಿತ್ತು. ಕೆತ್ತಿದ ಜಾಗದಲ್ಲಿ ಸರಳು ಕಾಣುತ್ತಿತ್ತು. ಆ ಕಿರುಬೆರಳಿನ ಮೇಲೆ ಒಂದು ಇಡೀ ಕೇರಿ. ಮೇಲೆ ಒಂದು ಕೂಸು ಅಳುತ್ತಿತ್ತು. ಯಾರೋ ಮುದುಕಿ, "ಏ ನೋಡ್ರೇ, ಇಲ್ಲಿಂದ ನಮ್ಮ ಕೇರಿ ಎಷ್ಟ್ ಚಂದ ಕಾಣತದ" ಅಂದಳು. ಕೆಲವರು ನಕ್ಕರು. ಕಟ್ಟಿ ಮುಗಿಸಿದ ಮೇಲೆ ಸೇತುವೆಯ ಮೇಲೆ ನಿಂತು ತಮ್ಮ ಮನೆಗಳನ್ನು ಅವರು ನೋಡಿದ್ದು ಅದೇ ಮೊದಲು.

ಮುಳ್ಳು ಕೆಂಪು ಗೆರೆ ಮುಟ್ಟಿತು. ದಾಟಿತು. ಇಳೀರಿ ಅಂತ ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಮೇಲೆ ಗದ್ದಲವೆದ್ದಿತು, ಬಡಿಗೆಯ ಪೆಟ್ಟಿನ ಸದ್ದಾಯಿತು. ಯಾರೂ ಇಳಿಯಲಿಲ್ಲ. ದಡದಿಂದ ಪ್ರಹ್ಲಾದರಾಯರ ಧ್ವನಿ ಬಂತು: ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಆಗಲಿ. ಮತ್ತೆ ಕೂಗಿದೆ. ಕರೀಂಸಾಬನೂ ಕೂಗಿದ. ಎರಡು ಗಂಟಲು ಕೂಗಿ ಕೂಗಿ ಸೋತವು. ಓಡಿಹೋಗಲು ದಡ ಹತ್ತಿರವೇ ಇತ್ತು. ಹೋಗಲಿಲ್ಲ. ಧೈರ್ಯ ಅಂತ ಅಲ್ಲ, ಅಳತೆಪಟ್ಟಿಯಿಂದ ಕಣ್ಣು ಕೀಳಲಾಗಲಿಲ್ಲ. ಕಣ್ಣು ತೆಗೆದರೆ ಬಿದ್ದೇಬಿಡುತ್ತದೆ ಅನ್ನುವ ಹಾಗೆ ನೋಡುತ್ತ ನಿಂತೆ.

ಬೀಳಲಿಲ್ಲ.

ಹೊತ್ತಾಯಿತೆಂದು ಇಳಿಸಿದರು. ನಾನು ಕಾದೆ. ಭಾರ ಇಳಿದ ಮೇಲೆ ಗಟ್ಟಿ ಸೇತುವೆ ತಿರುಗಿ ಮೇಲೇಳಬೇಕು. ಪರೀಕ್ಷೆಯ ಜೀವ ಇರುವುದೇ ಅಲ್ಲಿ. ಮುಳ್ಳು ಚೂರು ಹಿಂದೆ ಬಂದು ನಿಂತುಬಿಟ್ಟಿತು. ಬಾಗಿದ್ದು ಏಳಲಿಲ್ಲ. ದಡ ಹತ್ತಿ ಹೇಳಿದೆ.

"ಬಿತ್ತೇನು?" ಅಂದರು ಪ್ರಹ್ಲಾದರಾಯರು.

"ಇಲ್ಲ. ಆದರೆ..."

"ಮತ್ತ?" ಅಂತ ಗಡಿಯಾರ ಕಿಸೆಗೆ ಹಾಕಿಕೊಂಡರು.

ಮಾರ್ಚ್ ೧೯

ಸೇತುವೆ ಶುದ್ಧ ಮಾಡಿದರು. ಸೆಗಣಿ, ಗೋಮೂತ್ರ, ಮತ್ತೆ ಕೊಡ ಕೊಡ ನೀರು. ಎಲ್ಲ ಊರ ಸಿಹಿನೀರಿನ ಬಾವಿಯದು. ಕಟ್ಟುವಾಗ ಸಿಗದ ನೀರು ತೊಳೆಯಲು ಸಿಕ್ಕಿತು. ಬಿರುಕುಗಳಲ್ಲಿ ಇಳಿದು ಅಡಿಯಲ್ಲಿ ಹಾಯುವವರ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಸರಳೂ ಕುಡಿಯುತ್ತಿರಬೇಕು.

ಅಂಬಮ್ಮ ನೆತ್ತಿ ಒರೆಸಿಕೊಂಡು ಸೇತುವೆಯ ಕಡೆ ನೋಡಿದಳು.

ಕಲಬುರಗಿ, ಮಾರ್ಚ್ ೨೮

ಸೇತುವೆ ಸುರಕ್ಷಿತ ಅನ್ನುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಅಂದೆ. ಇದಕ್ಕಾಗಿ ವಾರದಿಂದ ಮಾತು ಜೋಡಿಸಿಕೊಂಡಿದ್ದೆ. ಜಗಳ ಆಗುತ್ತದೆ, ಮೇಜು ಗುದ್ದುತ್ತೇನೆ ಅಂದುಕೊಂಡಿದ್ದೆ. ಪ್ರಹ್ಲಾದರಾಯರು ಪ್ರೀತಿಯಿಂದಲೇ ಅಂದರು: ನಿನ್ನ ಸಹಿ ಬೇಕಾಗಿಲ್ಲ, ನಾನೇ ಹಾಕಿ ಕಳಿಸಿ ಮೂರು ದಿನವಾಯಿತು, ನಿನಗೆ ಬಿಸಿಲು ಹತ್ತಿದೆ, ರಜೆ ತೆಗೆದುಕೊ.

ಒಲ್ಲೆ ಅನ್ನಲಿಕ್ಕೂ ಅವರು ಒಂದು ಜಾಗ ಬಿಡುವುದಿಲ್ಲ.

ಲಲಿತಾ ಸ್ನಾನಕ್ಕೆ ನೀರು ಕಾಸಿ ಇಟ್ಟಿದ್ದಳಂತೆ. ತಣ್ಣಗಾಗಿ ಹೋಗಿತ್ತು. ಯಾಕೆ ಕಾಸಿದಳೋ.

ಏಪ್ರಿಲ್ ೪

ಲಾರಿ ಸ್ಟೇಶನ್ ರಸ್ತೆಯಲ್ಲಿ ಕಂಡಿತು. ಗೊನೆಗಳ ಮೇಲೆ ದೌಲಪ್ಪ ಕೂತಿದ್ದ. ನಿಲ್ಲಿಸಿ ಮಾತಾಡಿಸಿದೆ. ಭುಜ ಕೂಡಿದೆ, ಆದರೆ ತಲೆ ಮೇಲೆ ಹೊರೆ ಎತ್ತಲಾಗುವುದಿಲ್ಲ. ಅದಕ್ಕೆ ಗೌಡ ಲಾರಿಗೆ ಹಾಕಿದ್ದಾನೆ, ಗೊನೆ ಜಾರದ ಹಾಗೆ ಮೇಲೆ ಕೂತು ಒತ್ತಿ ಹಿಡಿಯುವುದು. ದಿನಾ ಸೇತುವೆ ದಾಟುತ್ತಾನೆ. ಈಗ ಹನುಮಪ್ಪ ಸುಮ್ಮನಿದ್ದಾನೇನು ಅಂದೆ.

"ಗಾಲಿ ಮ್ಯಾಲ ಹಾಯ್ದ್ರ ಮೈಲಿಗಿಲ್ಲಂತ್ರಿ. ನಾ ಈಗ ಸಾಮಾನು" ಅಂದ.

ಚಾಲಕ ಹಾರನ್ ಹೊಡೆದ.

ಕಮಲಾಪುರ, ಏಪ್ರಿಲ್ ೯

ಅವರೇ ಹೇಳಿದ ರಜೆ ಹಾಕಿ ಎರಡು ದಿನದಿಂದ ಇಲ್ಲೇ ಇದ್ದೇನೆ. ಚಾವಡಿಯಲ್ಲಿ ಜಾಗ ಕೊಡಲಿಲ್ಲ. ಕೇರಿಯ ಬೇವಿನ ಮರದಡಿ ಚಾಪೆ ಹಾಕಿದ್ದೇನೆ. ಲಾರಿ ಹಾಯುವಾಗ ಕೆಳಗೆ ನಿಂತು ನೋಡಿದೆ. ಪ್ರತಿ ಸಲ ಚಕ್ಕೆ ಉದುರುತ್ತದೆ. ನಾನು ಹುಗಿದ ಕಂಬ ಹಾಗೇ ಇದೆ. ಅಳತೆಪಟ್ಟಿಯ ಮುಳ್ಳು ಮತ್ತಷ್ಟು ಕೆಳಗಿಳಿದಿದೆ. ನಿನ್ನೆ ಸಂಜೆ ಎಲ್ಲರಿಗೂ ಹೇಳಿದೆ. ಹೇಳಿ ಏನು ಮಾಡಬೇಕು ಅಂತ ನನಗೇ ತಿಳಿಯದೆ ಕೂತೆ. ನನ್ನ ವಿದ್ಯೆ ಅಷ್ಟಕ್ಕೇ ಮುಗಿಯುತ್ತದೆ.

ಅಂಬಮ್ಮ ಅಂದಳು: "ಅವತ್ತ ನೀವ್ ಕೆಳಗ ನಿಂತು ಒದರಿದ್ರಿ. ಕೇಳಿಸ್ಕೊಂಡೋರು ನಾವಷ್ಟ. ಮತ್ತ ನಾವೇ ಏನರೆ ಮಾಡ್ಬೇಕಲ."

ಇವತ್ತು ಬೆಳಕು ಹರಿಯುವ ಮೊದಲೇ ಜಾಲಿಮುಳ್ಳು ಕಡಿದು ತಂದು ಸೇತುವೆಯ ಬಾಳೆತೋಟದ ಕಡೆಯ ತುದಿಗೆ ಎದೆಯೆತ್ತರ ಒಟ್ಟಿದೆವು. ಸೇತುವೆ ಮುಚ್ಚಿತು. ಎರಡು ತಿಂಗಳು ಕಾಗದ ಬರೆದು ಆಗದ್ದು ಒಂದು ತಾಸಿನಲ್ಲಿ ಆಯಿತು.

ತಳವಾರರು ಬಂದರು. ನನ್ನನ್ನು ರಟ್ಟೆ ಹಿಡಿದು, 'ನೀವ್ ಬಾಜೂ ಸರೀರಿ ಸಾಹೇಬ್ರ' ಅಂತ ಮರ್ಯಾದೆಯಿಂದ ಬದಿಗೆ ನಿಲ್ಲಿಸಿದರು. ಉಳಿದವರನ್ನು ಬಡಿದರು. ನನಗೆ ಒಂದು ಪೆಟ್ಟೂ ಬೀಳಲಿಲ್ಲ. ಅಡ್ಡ ಹೋದಾಗಲೆಲ್ಲ ಎತ್ತಿ ಬದಿಗಿಟ್ಟರು. ಹೆಂಗಸರಿಗೂ ಬಡಿಗೆ ಬಿತ್ತು. ಮುಳ್ಳು ಎಳೆದು ಹಳ್ಳಕ್ಕೆ ಚೆಲ್ಲಿದರು. ಲಾರಿ ದಾಟಿತು. ಮೇಲೆ ದೌಲಪ್ಪ ಎರಡೂ ಕೈಯಿಂದ ಗೊನೆ ಹಿಡಿದುಕೊಂಡು, ಕೆಳಗೆ ಬಿದ್ದ ಹೆಂಡತಿಯನ್ನು ನೋಡುತ್ತ ಹೋದ.

ಏಪ್ರಿಲ್ ೧೦

ಇವತ್ತೂ ಒಟ್ಟಿದೆವು. ನಿನ್ನೆ ಬಂದವರೆಲ್ಲ ಬರಲಿಲ್ಲ. ಬಂದವರಲ್ಲಿ ಮೈ ನೋಯದವರು ಯಾರೂ ಇರಲಿಲ್ಲ. ಅಂಬಮ್ಮನ ಒಂದು ಕಣ್ಣು ಮುಚ್ಚಿಹೋಗಿದೆ. ಹಳ್ಳವನ್ನೂ ಸೇತುವೆಯಿಂದ ದೂರ, ಮೇಲ್ಗಡೆ ಹಾಯಬೇಕೆಂದು ಕೇರಿಗೆಲ್ಲ ಹೇಳಿದ್ದಾಯಿತು.

ಲಾರಿ ಬಂದು ಮುಳ್ಳಿನ ಮುಂದೆ ನಿಂತಿತು. ಚಾಲಕ ತಲೆ ಹೊರಗೆ ಹಾಕಿ, ಯಾರ ಹುಕುಂ ಇದು ಅಂತ ಕೇಳಿದ. ಕಚೇರಿಯವನು ನಾನಿದ್ದೆನಲ್ಲ, ನನ್ನ ಕಡೆ ನೋಡಿದ. ನನ್ನ ಹತ್ತಿರ ಯಾವ ಹುಕುಮೂ ಇರಲಿಲ್ಲ.

"ನಮ್ದು" ಅಂದಳು ಅಂಬಮ್ಮ.

ಆಮೇಲೆ ದೌಲಪ್ಪ ಗೊನೆಗಳ ಮೇಲಿಂದ, ನೆಟ್ಟಗಿದ್ದ ಕೈ ಊರಿ, ನಿಧಾನ ಇಳಿದ. ಚಾಲಕ ಬೈದ. ಅವನು ತಿರುಗಿಯೂ ನೋಡದೆ ಬಂದು ನಮ್ಮ ಸಾಲಿನಲ್ಲಿ ನಿಂತ.

ಮಧ್ಯಾಹ್ನಕ್ಕೆ ತಳವಾರರು ಬಂದು ಮುಳ್ಳಿಗೆ ಬೆಂಕಿ ಹಚ್ಚಿದರು. ನಮ್ಮನ್ನು ಬಡಿದರು. ಇವತ್ತು ಯಾರನ್ನೂ ಬದಿಗೆ ಸರಿಸಲಿಲ್ಲ. ಬಲಗೈ ಬಾತಿದೆ, ಅಕ್ಷರ ಸೊಟ್ಟಗೆ ಬರುತ್ತಿವೆ. ದೌಲಪ್ಪನನ್ನು ಎಳೆದು ಲಾರಿಯ ಹತ್ತಿರ ಒಯ್ದರು. ಅವನು ಹತ್ತಲಿಲ್ಲ. ಬೇರೆಯವರನ್ನು ಕರೆದರು, ಯಾರೂ ಹತ್ತಲಿಲ್ಲ. ನಾಳೆ ಬೇರೆ ಊರಿನ ಹಮಾಲರನ್ನು ತರಿಸುತ್ತಾರಂತೆ. ತರಿಸಬಹುದು. ಸೇತುವೆ ನಾಳೆಯೂ ಹಾಗೇ ಇರುತ್ತದೆ, ಬೀಳುವುದು ಯಾವಾಗ ಅಂತ ನನಗೆ ನಾಳೆಯೂ ಗೊತ್ತಿರುವುದಿಲ್ಲ.

ಬೂದಿಯ ಮೇಲೆ ಹಾಯ್ದು ಲಾರಿ ಸೇತುವೆ ಏರಿತು. ನಡುವಿನ ಅಂಕಣದಲ್ಲಿ ಅದು ಅದುರಿದ್ದು ದಡದಲ್ಲಿ ಬಿದ್ದಿದ್ದ ನಮಗೆಲ್ಲ ಬೆನ್ನಿಗೆ ತಿಳಿಯಿತು. ಹಿಡಿಯುವವರಿಲ್ಲದೆ ಗೊನೆಗಳು ಜಾರಿ ಒಂದೊಂದಾಗಿ ಹಳ್ಳಕ್ಕೆ ಬಿದ್ದವು.

ಕೆಳಗೆ ಯಾರೂ ಇರಲಿಲ್ಲ.